24 ಮೆಗಾಪಿಕ್ಸೆಲ್ ಕ್ಯಾಮೆರಾ 20.9 ಮೆಗಾಪಿಕ್ಸೆಲ್ ಕ್ಯಾಮೆರಾಗಿಂತ ಉತ್ತಮವೇ? ಕ್ಯಾನನ್ ಆರ್50, ನಿಕಾನ್ ಝಡ್30 ಬಗ್ಗೆ ಫಾರ್ವರ್ಡ್ ಹೇಳದ ಲೆಕ್ಕ

ಹೂವಿನಹಡಗಲಿ ತಾಲ್ಲೂಕಿನ ಮಾಗಳದಿಂದ ಓದುಗರೊಬ್ಬರು ವಾಟ್ಸ್‌ಆ್ಯಪ್ ಸಂದೇಶವೊಂದನ್ನು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಮೊದಲ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವವರಿಗೆ ಆ ಸಂದೇಶ ಕೊಡುವ ಸಲಹೆಯ ಸಾರ ಇಷ್ಟು: 24 ಮೆಗಾಪಿಕ್ಸೆಲ್‌ಗಿಂತ ಕಡಿಮೆ ಇರುವುದನ್ನು ಮುಟ್ಟಲೇಬೇಡಿ. ಕಣ್ಣಿಟ್ಟು ನೋಡುವ ಕಿಂಡಿ ಹಳೇ ಕಾಲದ್ದು, ಅದಕ್ಕೆ ದುಡ್ಡು ಕೊಡಬೇಡಿ. ಹೊಸ ಕ್ಯಾಮೆರಾಗಳು ಕತ್ತಲಲ್ಲೂ ತಾವಾಗಿಯೇ ಸ್ಪಷ್ಟ ಚಿತ್ರ ತೆಗೆಯುತ್ತವೆ. 200 ಮೆಗಾಪಿಕ್ಸೆಲ್ ಫೋನ್ ಇದ್ದವರಿಗಂತೂ ಕ್ಯಾಮೆರಾವೇ ದಂಡ.

ಓದುಗರ ಮುಂದಿರುವುದು ಎರಡು ಕ್ಯಾಮೆರಾ: ಕ್ಯಾನನ್ ಇಒಎಸ್ ಆರ್50 ಮತ್ತು ನಿಕಾನ್ ಝಡ್30. ಮದುವೆ, ನಾಮಕರಣಗಳ ಫೋಟೊ ತೆಗೆದು ದುಡಿಯಬೇಕು, ಸುತ್ತಲಿನ ದೇಗುಲ, ಜಾತ್ರೆಗಳ ಬಗ್ಗೆ ಯೂಟ್ಯೂಬ್ ವಿಡಿಯೊ ಮಾಡಬೇಕು ಎಂಬುದು ಅವರ ಆಸೆ. ಸೋದರಮಾವನ ಸ್ಟುಡಿಯೊದಲ್ಲಿ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್, ಎರಡು ಲೆನ್ಸ್, ಒಂದು ಫ್ಲಾಶ್ ಇವೆಯಂತೆ. ಕೊನೆಗೆ ಒಂದು ಮಾತು ಬರೆದಿದ್ದಾರೆ: "ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಕೊಡಿಸ್ತೀನಿ ಅಂದಾರ ಅಪ್ಪ. ಎರಡನೇ ಸಲ ಕೇಳೋಕಾಗಲ್ಲ."

ಒಂದೇ ಸಲ ಕೊಳ್ಳಬಲ್ಲವರಿಗೆ ಇಂಥ ಫಾರ್ವರ್ಡ್ ಬರೀ ತಮಾಷೆಯ ವಿಷಯವಲ್ಲ. ಹಾಗಾಗಿ ಎರಡೂ ಕಂಪನಿಗಳು ಪ್ರಕಟಿಸಿರುವ ಅಳತೆಗಳನ್ನು ಮುಂದಿಟ್ಟುಕೊಂಡು, ಸಂದೇಶದ ಒಂದೊಂದು ಹೇಳಿಕೆಯನ್ನೂ ಲೆಕ್ಕ ಹಾಕಿ ನೋಡಿದ್ದೇವೆ.

ಚುಟುಕಾಗಿ ಉತ್ತರ

ಸಂದೇಶದ ನಾಲ್ಕೂ ಹೇಳಿಕೆಗಳು ತಪ್ಪು ಅಥವಾ ಅರ್ಧಸತ್ಯ. ಈ ಎರಡು ಕ್ಯಾಮೆರಾಗಳ ನಡುವೆ ಮೆಗಾಪಿಕ್ಸೆಲ್ ವ್ಯತ್ಯಾಸ ನಗಣ್ಯ. ನಿಜವಾದ ವ್ಯತ್ಯಾಸ ಇರುವುದು ಮೂರು ಕಡೆ: ವ್ಯೂಫೈಂಡರ್ ಇದೆಯೇ ಇಲ್ಲವೇ, ಜೊತೆಗೆ ಬರುವ ಲೆನ್ಸ್ ಎಷ್ಟು ಅಗಲ ಮತ್ತು ಎಷ್ಟು ಬೆಳಕು ಹಿಡಿಯುತ್ತದೆ, ನಿಮ್ಮ ಬಳಿ ಈಗಾಗಲೇ ಇರುವ ಲೆನ್ಸ್, ಫ್ಲಾಶ್ ಯಾವ ಕಂಪನಿಯವು.

ಮಿರರ್‌ಲೆಸ್ ಎಂದರೇನು?

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಓರೆಯಾಗಿ ನಿಂತ ಕನ್ನಡಿಯೊಂದು ಇರುತ್ತದೆ. ಲೆನ್ಸ್‌ನಿಂದ ಬಂದ ಬೆಳಕನ್ನು ಅದು ಮೇಲಕ್ಕೆ, ನಿಮ್ಮ ಕಣ್ಣಿಗೆ ಕಳಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಟಪ್ ಎಂದು ಮೇಲೇಳುತ್ತದೆ, ಬೆಳಕು ಹಿಂದಿರುವ ಸೆನ್ಸರ್ ಮೇಲೆ ಬೀಳುತ್ತದೆ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ. ಬೆಳಕು ಸದಾ ಸೆನ್ಸರ್ ಮೇಲೇ ಬೀಳುತ್ತಿರುತ್ತದೆ, ಸೆನ್ಸರ್ ಕಂಡದ್ದನ್ನು ಪರದೆಯಲ್ಲಿ ತೋರಿಸಲಾಗುತ್ತದೆ. ನಿಮ್ಮ ಫೋನ್ ಕೆಲಸ ಮಾಡುವುದೂ ಹೀಗೆಯೇ.

ಇದರಿಂದ ಕ್ಯಾಮೆರಾ ಚಿಕ್ಕದಾಗುತ್ತದೆ. ಇನ್ನೊಂದು ಲಾಭ, ಚಿತ್ರ ಹೇಗೆ ಬರಲಿದೆ ಎಂಬುದು ಮೊದಲೇ ಕಾಣುತ್ತದೆ. ಹಡಗಲಿ ಮಲ್ಲಿಗೆಯ ದಂಡೆ ಬಿಸಿಲಿಗೆ ಎಸಳೇ ಕಾಣದಷ್ಟು ಬೆಳ್ಳಗಾಗುತ್ತಿದ್ದರೆ, ಬಟನ್ ಒತ್ತುವ ಮುನ್ನವೇ ಅದನ್ನು ಕಂಡು ಬೆಳಕು ತಗ್ಗಿಸಬಹುದು.

ಎರಡೂ ಕ್ಯಾಮೆರಾಗಳ ಮುಖ್ಯ ಅಳತೆಗಳು

ಕ್ಯಾನನ್ ಇಒಎಸ್ ಆರ್50
- ಬಿಡುಗಡೆ ಘೋಷಣೆ: 2023
- ಸೆನ್ಸರ್: 22.3 × 14.9 ಮಿ.ಮೀ., 24.2 ಮೆಗಾಪಿಕ್ಸೆಲ್
- ತೂಕ: ಬ್ಯಾಟರಿ, ಕಾರ್ಡ್ ಸೇರಿ 375 ಗ್ರಾಂ
- ವ್ಯೂಫೈಂಡರ್: ಇದೆ
- ಒಳಗೇ ಇರುವ ಫ್ಲಾಶ್: ಇದೆ
- ಜೊತೆಗೆ ಬರುವ ಲೆನ್ಸ್: 18-45 ಮಿ.ಮೀ., ಎಫ್/4.5-6.3

ನಿಕಾನ್ ಝಡ್30
- ಬಿಡುಗಡೆ ಘೋಷಣೆ: 2022
- ಸೆನ್ಸರ್: 23.5 × 15.7 ಮಿ.ಮೀ., 20.9 ಮೆಗಾಪಿಕ್ಸೆಲ್
- ತೂಕ: ಬ್ಯಾಟರಿ, ಕಾರ್ಡ್ ಸೇರಿ 405 ಗ್ರಾಂ
- ವ್ಯೂಫೈಂಡರ್: ಇಲ್ಲ
- ಒಳಗೇ ಇರುವ ಫ್ಲಾಶ್: ಇಲ್ಲ
- ಜೊತೆಗೆ ಬರುವ ಲೆನ್ಸ್: 16-50 ಮಿ.ಮೀ., ಎಫ್/3.5-6.3

ಎರಡರಲ್ಲೂ ಪಕ್ಕಕ್ಕೆ ಬಿಚ್ಚಿ ತಿರುಗಿಸಬಲ್ಲ ಟಚ್ ಪರದೆ ಇದೆ. ಎರಡೂ 4ಕೆ ವಿಡಿಯೊವನ್ನು ಸೆಕೆಂಡಿಗೆ 30 ಫ್ರೇಮ್‌ನಂತೆ, ಸೆನ್ಸರ್‌ನ ಪೂರ್ತಿ ಅಗಲ ಬಳಸಿ ತೆಗೆಯುತ್ತವೆ. ಹೊರಗಿನ ಮೈಕ್ ಸಿಕ್ಕಿಸುವ ಜಾಗ ಎರಡರಲ್ಲೂ ಇದೆ, ಹೆಡ್‌ಫೋನ್ ಜಾಗ ಎರಡರಲ್ಲೂ ಇಲ್ಲ.

ಹೇಳಿಕೆ 1: 24 ಮೆಗಾಪಿಕ್ಸೆಲ್ ಇದ್ದರೇ ಚೆನ್ನ

ತಪ್ಪು. ಕ್ಯಾನನ್ ಚಿತ್ರದ ಗಾತ್ರ 6000 × 4000 ಪಿಕ್ಸೆಲ್. ನಿಕಾನ್ ಚಿತ್ರದ್ದು 5568 × 3712. ಉದ್ದದಲ್ಲಿ ಲೆಕ್ಕ ಹಾಕಿದರೆ ವ್ಯತ್ಯಾಸ ಶೇ 8ಕ್ಕಿಂತ ಕಡಿಮೆ.

ಇದು ಎಲ್ಲಿ ಕಾಣಿಸೀತು? ಮದುವೆ ಆಲ್ಬಮ್‌ನ 12 × 18 ಇಂಚಿನ ಒಂದು ಪುಟ ತೆಗೆದುಕೊಳ್ಳಿ. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಲು 5400 × 3600 ಪಿಕ್ಸೆಲ್ ಬೇಕು. ಎರಡೂ ಕ್ಯಾಮೆರಾ ಅದನ್ನು ದಾಟುತ್ತವೆ. ಫ್ಲೆಕ್ಸ್ ಬ್ಯಾನರ್ ಆದರೆ ಜನ ದೂರದಿಂದ ನೋಡುವುದರಿಂದ ಇಂಚಿಗೆ ಅಷ್ಟು ಚುಕ್ಕೆಯ ಅಗತ್ಯವೇ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರಂತೂ ವ್ಯತ್ಯಾಸ ಪೂರ್ತಿ ಅಳಿಸಿಹೋಗುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದ ಫೋಟೊದ ಉದ್ದದ ಬದಿಯನ್ನು ಆ್ಯಪ್ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗಿಸುತ್ತದೆ. ಅಂದರೆ 2.4 ಕೋಟಿ ಪಿಕ್ಸೆಲ್‌ನ ಚಿತ್ರದಲ್ಲಿ ಉಳಿಯುವುದು ಸುಮಾರು 17 ಲಕ್ಷ. ನಿಕಾನ್ ಚಿತ್ರದಲ್ಲೂ ಉಳಿಯುವುದು ಅಷ್ಟೇ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಹೆಚ್ಚು ಉಳಿಯುತ್ತದೆ. ಪೂರ್ತಿ ಉಳಿಯಬೇಕಿದ್ದರೆ ಫೋಟೊವನ್ನು 'ಡಾಕ್ಯುಮೆಂಟ್' ಆಗಿ ಕಳಿಸಬೇಕು. ಗಿರಾಕಿಗೆ ಮದುವೆಯ ಫೋಟೊ ಕಳಿಸುವವರು ಇದೊಂದನ್ನು ನೆನಪಿಟ್ಟರೆ, ಮೂರು ಮೆಗಾಪಿಕ್ಸೆಲ್ ಹೆಚ್ಚು ಕೊಳ್ಳುವುದಕ್ಕಿಂತ ದೊಡ್ಡ ಲಾಭ.

ಹೇಳಿಕೆ 2: ವ್ಯೂಫೈಂಡರ್ ಹಳೇ ಕಾಲದ್ದು

ಮನೆಯೊಳಗೆ ಕೂತು ತನ್ನದೇ ವಿಡಿಯೊ ಮಾಡಿಕೊಳ್ಳುವವರಿಗೆ ವ್ಯೂಫೈಂಡರ್ ಬೇಕಿಲ್ಲ. ನಿಕಾನ್ ಕಂಪನಿ ಝಡ್30ಯನ್ನು ರೂಪಿಸಿದ್ದೇ ಅಂಥವರಿಗಾಗಿ. ಆದರೆ ಮಾಗಳದಲ್ಲಿ ತುಂಗಭದ್ರೆಯ ದಡದಲ್ಲಿ ಬೇಸಿಗೆಯ ಮಧ್ಯಾಹ್ನ ನಿಂತು ಫೋನ್ ಪರದೆ ನೋಡಿದವರಿಗೆ ಗೊತ್ತು, ಅದರಲ್ಲಿ ಕಾಣುವುದು ನಮ್ಮದೇ ಮುಖದ ನೆರಳು. ಕ್ಯಾಮೆರಾದ ಹಿಂದಿನ ಪರದೆಗೂ ಅದೇ ಗತಿ. ಚಿತ್ರ ಫೋಕಸ್ ಆಗಿದೆಯೇ, ಮುಖ ಕಪ್ಪಾಗಿದೆಯೇ ಎಂಬುದು ಮನೆಗೆ ಬಂದ ಮೇಲೆ ತಿಳಿಯುತ್ತದೆ.

ಆರ್50ಯ ಕಿಂಡಿಯಲ್ಲಿ 23.6 ಲಕ್ಷ ಚುಕ್ಕೆಗಳ ಪುಟ್ಟ ಪರದೆ ಇದೆ. ಕಣ್ಣು ಅದಕ್ಕೆ ಒತ್ತಿಕೊಂಡಾಗ ಹೊರಗಿನ ಬಿಸಿಲು ಒಳಗೆ ಬರುವುದಿಲ್ಲ. ಇನ್ನೊಂದು ಉಪಯೋಗವೂ ಇದೆ: ಎರಡು ಕೈಗಳ ಜೊತೆಗೆ ಕ್ಯಾಮೆರಾ ಹಣೆಗೂ ಆನಿಕೊಳ್ಳುವುದರಿಂದ ಕೈ ನಡುಕ ತಗ್ಗುತ್ತದೆ. ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್ ಹಾಕಿದಾಗ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ಹೀಗಾಗಿ ಹೊಲ, ಜಾತ್ರೆ, ಕೆರೆ ದಂಡೆಯಲ್ಲಿ ಕೆಲಸ ಮಾಡುವವರಿಗೆ ವ್ಯೂಫೈಂಡರ್ ಬಹಳ ಮುಖ್ಯ. ಝಡ್30ಗೆ ಅದನ್ನು ಆಮೇಲೆ ಜೋಡಿಸಿಕೊಳ್ಳಲೂ ಆಗುವುದಿಲ್ಲ.

ಹೇಳಿಕೆ 3: ಹೊಸ ಕ್ಯಾಮೆರಾ ಕತ್ತಲಲ್ಲೂ ತಾನಾಗಿಯೇ ಸ್ಪಷ್ಟ ಚಿತ್ರ ತೆಗೆಯುತ್ತದೆ

ಅರ್ಧಸತ್ಯ. ಮಾಗಳದಲ್ಲಿ ಚಾಲುಕ್ಯ ಶೈಲಿಯ ಹಳೆಯ ಕಲ್ಲಿನ ದೇಗುಲವಿದೆ. ಇಂಥ ದೇಗುಲಗಳ ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗಿನ ಕಂಬ, ಬಾಗಿಲವಾಡಗಳ ಬಳಿ ಮಬ್ಬುಗತ್ತಲು. ಅಲ್ಲಿ ಬೆಳಕನ್ನು ಒಳಗೆ ಬಿಡುವುದು ಲೆನ್ಸ್. 'ಎಫ್' ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್‌ನ ಬಾಯಿ ದೊಡ್ಡದು, ಬೆಳಕು ಹೆಚ್ಚು.

ಜೊತೆಗೆ ಬರುವ ಲೆನ್ಸ್‌ಗಳಲ್ಲಿ ನಿಕಾನ್‌ನದು ಇಲ್ಲಿ ಮುಂದಿದೆ. ಅಗಲದ ತುದಿಯಲ್ಲಿ ಅದು ಎಫ್/3.5, ಕ್ಯಾನನ್ ಎಫ್/4.5. ಲೆಕ್ಕ ಹಾಕಿದರೆ ಸೆನ್ಸರ್‌ನ ಅಷ್ಟೇ ಜಾಗಕ್ಕೆ ನಿಕಾನ್ ಲೆನ್ಸ್ ಸುಮಾರು 1.65 ಪಟ್ಟು ಬೆಳಕು ಕೊಡುತ್ತದೆ. ನೋಟವೂ ಹೆಚ್ಚು ಅಗಲ. ಗೋಡೆಯಿಂದ 3 ಮೀಟರ್ ದೂರ ನಿಂತರೆ ಕ್ಯಾನನ್‌ಗೆ ಗೋಡೆಯ ಸುಮಾರು 3.7 ಮೀಟರ್ ಅಗಲ ಕಾಣುತ್ತದೆ, ನಿಕಾನ್‌ಗೆ ಸುಮಾರು 4.4 ಮೀಟರ್. ಹಿಂದೆ ಸರಿಯಲು ಜಾಗವಿಲ್ಲದ ಮಂಟಪದಲ್ಲಿ, ನಾಮಕರಣ ನಡೆಯುವ ಚಿಕ್ಕ ಪಡಸಾಲೆಯಲ್ಲಿ ಈ ಮುಕ್ಕಾಲು ಮೀಟರ್ ಎಂದರೆ ಅಂಚಿನಲ್ಲಿ ನಿಂತ ಅಜ್ಜಿ ಚಿತ್ರದೊಳಗೆ ಬರುತ್ತಾರೋ ಇಲ್ಲವೋ ಎಂಬ ಪ್ರಶ್ನೆ.

ಆದರೆ ಝೂಮ್ ಮಾಡಿದ ತುದಿಯಲ್ಲಿ ಎರಡೂ ಎಫ್/6.3. ಅಲ್ಲಿ ಎರಡೂ ಕತ್ತಲಿಗೆ ಸೋಲುತ್ತವೆ. ಪರಿಹಾರ ಇನ್ನೊಂದು ಲೆನ್ಸ್: ಎಫ್/1.8 ಲೆನ್ಸ್ ಎಫ್/6.3ಕ್ಕಿಂತ ಸುಮಾರು 12 ಪಟ್ಟು ಬೆಳಕು ಬಿಡುತ್ತದೆ. ಸೆಕೆಂಡಿನ ನಾಲ್ಕನೇ ಒಂದು ಭಾಗ ಅಲುಗಾಡದೆ ಹಿಡಿಯಬೇಕಿದ್ದ ಕಡೆ ಐವತ್ತನೇ ಒಂದು ಭಾಗ ಸಾಕಾಗುತ್ತದೆ. ಕ್ಯಾಮೆರಾ ಬದಲಿಸಿ ಇಷ್ಟು ವ್ಯತ್ಯಾಸ ತರಲು ಆಗುವುದಿಲ್ಲ.

ನಡುಕ ತಡೆಯುವ ವ್ಯವಸ್ಥೆಯ ಬಗ್ಗೆಯೂ ಒಂದು ಮಾತು. ಈ ಎರಡೂ ಕ್ಯಾಮೆರಾಗಳ ಒಳಗೆ, ಸೆನ್ಸರ್‌ನಲ್ಲಿ, ಅದು ಇಲ್ಲ. ಜೊತೆಗೆ ಬರುವ ಲೆನ್ಸ್‌ಗಳಲ್ಲಿದೆ. ಅದು ನಿಮ್ಮ ಕೈ ನಡುಕವನ್ನಷ್ಟೇ ಸರಿಪಡಿಸುತ್ತದೆ. ಆರತಿ ಎತ್ತುವ ಕೈ, ಓಡುವ ಮಗು ಮಸುಕಾಗುವುದನ್ನು ತಡೆಯುವುದಿಲ್ಲ. ಇನ್ನು ಟ್ರೈಪಾಡ್ ಇಟ್ಟು ತೆಗೆಯೋಣ ಎಂದರೆ, ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು.

ದೂರದ್ದನ್ನು ಹಿಡಿಯಲು ಯಾವುದು?

ಸಂದೇಶದಲ್ಲಿ ಇದರ ಮಾತೇ ಇಲ್ಲ. ಆದರೆ ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಲಿನವರಿಗೆ ಇದು ಮುಖ್ಯ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂದು ಗುರುತಿಸಲ್ಪಟ್ಟಿದೆ. ಅಲ್ಲಿನ ಬಣ್ಣದ ಕೊಕ್ಕರೆಗಳು ಕೂರುವುದು ಕೆರೆಯ ನೀರಿನ ನಡುವಿನ ಜಾಲಿ ಮರಗಳ ಮೇಲೆ. ಜೊತೆಗೆ ಬರುವ ಲೆನ್ಸ್‌ನಲ್ಲಿ ಅವು ಬಿಳಿ ಚುಕ್ಕೆಗಳಷ್ಟೇ.

ಕ್ಯಾನನ್‌ನ ಅಗ್ಗದ ಉದ್ದ ಲೆನ್ಸ್ 55-210 ಮಿ.ಮೀ., ಎಫ್/5-7.1. ನಿಕಾನ್‌ನದು 50-250 ಮಿ.ಮೀ., ಎಫ್/4.5-6.3. ಸೆನ್ಸರ್ ಗಾತ್ರವನ್ನೂ ಸೇರಿಸಿ, ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ತಂದರೆ ಕ್ಯಾನನ್ 336 ಮಿ.ಮೀ.ವರೆಗೆ, ನಿಕಾನ್ 375 ಮಿ.ಮೀ.ವರೆಗೆ ಹೋಗುತ್ತದೆ. ಬೆಳಕೂ ನಿಕಾನ್‌ನಲ್ಲಿ ಕಾಲು ಪಾಲು ಹೆಚ್ಚು. ಲೆನ್ಸ್ ಮಟ್ಟಿಗೆ ಗೆಲುವು ನಿಕಾನ್‌ಗೆ.

ಆದರೆ ಹಕ್ಕಿಯನ್ನು ಹಕ್ಕಿ ಎಂದು ಗುರುತಿಸಿ ಅದರ ಬೆನ್ನು ಹತ್ತುವ ಫೋಕಸ್ ಇರುವುದು ಆರ್50ಯಲ್ಲಿ. ಝಡ್30 ಮನುಷ್ಯರು, ನಾಯಿ, ಬೆಕ್ಕುಗಳ ಕಣ್ಣು ಹುಡುಕುತ್ತದೆ. ಹಕ್ಕಿಗಳಿಗೆ ಅಂಥ ಪ್ರತ್ಯೇಕ ಸೌಲಭ್ಯವಿಲ್ಲ. ವ್ಯೂಫೈಂಡರ್ ಇರುವುದೂ ಆರ್50ಯಲ್ಲೇ. ಹಾರುವ ಹಕ್ಕಿ ಹಿಡಿಯುವುದಾದರೆ ಕ್ಯಾನನ್ ಮೇಲು, ಕೂತ ಹಕ್ಕಿಗೆ ನಿಕಾನ್ ಸಾಕು.

ಹಡಗಲಿ ತಾಲ್ಲೂಕಿನದೇ ಮೈಲಾರದ ಕಾರ್ಣಿಕ ಇನ್ನೊಂದು ಪರೀಕ್ಷೆ. ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತಿರುವಾಗ ಗೊರವಯ್ಯ ಬಿಲ್ಲನ್ನೇರಿ, ನುಡಿದು, ಕೆಳಗೆ ಬೀಳುತ್ತಾರೆ. ಹೊತ್ತು ಇಳಿಯುವ ವೇಳೆ, ದೂರದ ನೋಟ, ಕ್ಷಣದ ಚಲನೆ, ಮೂರೂ ಒಟ್ಟಿಗೆ. ಎರಡೂ ಕ್ಯಾಮೆರಾ ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಚಿತ್ರ ತೆಗೆಯಬಲ್ಲವು, ಹಾಗಾಗಿ ವೇಗ ಅಡ್ಡಿಯಲ್ಲ. ಬೆಳಕು ಅಡ್ಡಿ. ಐಎಸ್‌ಒ ಏರಿಸಬೇಕಾಗುತ್ತದೆ, ಚಿತ್ರದಲ್ಲಿ ಕಾಳು ಕಾಳಾಗಿ ಗದ್ದಲ ಕಾಣಿಸುತ್ತದೆ. ಅದು ಎರಡರಲ್ಲೂ ಇರುವಂಥದ್ದೇ.

ಮೈಲಾರಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ: ಭಂಡಾರ ಹಾರುವ ಕಡೆ ಲೆನ್ಸ್ ಬದಲಿಸಬೇಡಿ. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚಿದ ಕೂಡಲೇ ಸೆನ್ಸರ್ ಎದುರಿಗೇ ಇರುತ್ತದೆ. ಅರಿಸಿನದ ಪುಡಿ ಒಳಗೆ ಕೂತರೆ ಮುಂದಿನ ಪ್ರತಿ ಚಿತ್ರದಲ್ಲೂ ಅದರ ಕಲೆ ಬೀಳುತ್ತದೆ.

ವಿಡಿಯೊಗೆ ಯಾವುದು?

ಇಲ್ಲಿ ಝಡ್30ಗೆ ಸ್ವಲ್ಪ ಮೇಲುಗೈ. ಅದು ಒಂದೇ ಸಲಕ್ಕೆ ಗರಿಷ್ಠ 125 ನಿಮಿಷ ರೆಕಾರ್ಡ್ ಮಾಡಬಲ್ಲದು. ಆರ್50ಗೆ ಮಿತಿ ಒಂದು ಗಂಟೆ. ಆಮೇಲೆ ಮತ್ತೆ ಬಟನ್ ಒತ್ತಬೇಕು. ಬಯಲಾಟವನ್ನೋ ಪ್ರವಚನವನ್ನೋ ನಿಲ್ಲಿಸದೆ ಹಿಡಿಯುವವರಿಗೆ ಇದು ಗಮನಿಸಬೇಕಾದ ಸಂಗತಿ. ರೆಕಾರ್ಡ್ ಆಗುತ್ತಿದೆ ಎಂದು ಮುಂದಿನಿಂದಲೇ ತೋರಿಸುವ ಕೆಂಪು ದೀಪವೂ ಝಡ್30ಯಲ್ಲಿದೆ. ಆರ್50 ತನ್ನ 4ಕೆ ಚಿತ್ರವನ್ನು 6ಕೆಯಷ್ಟು ಮಾಹಿತಿಯಿಂದ ಕುಗ್ಗಿಸಿ ಮಾಡುವುದರಿಂದ ವಿವರ ಚೆನ್ನಾಗಿರುತ್ತದೆ, ಆದರೆ ಫೋನ್ ಪರದೆಯಲ್ಲಿ ನೋಡುವವರಿಗೆ ಅದು ತಿಳಿಯುವುದು ಕಷ್ಟ.

ಬೀರುವಿನಲ್ಲಿರುವ ಹಳೆಯ ಲೆನ್ಸ್

ಮಾಗಳದ ಓದುಗರ ಪ್ರಶ್ನೆಗೆ ಉತ್ತರ ಅಡಗಿರುವುದು ಇಲ್ಲಿ. ಕ್ಯಾನನ್ ಡಿಎಸ್‌ಎಲ್‌ಆರ್‌ನ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್50ಗೆ ಕೂರುತ್ತವೆ, ಆಟೊಫೋಕಸ್ ಕೂಡ ಮಾಡುತ್ತವೆ. ಮಾವನ ಎರಡು ಲೆನ್ಸ್‌ಗಳಲ್ಲಿ ಒಂದು 50 ಮಿ.ಮೀ. ಎಫ್/1.8 ಆಗಿದ್ದರೆ, ಕತ್ತಲಿನ ಸಮಸ್ಯೆಗೆ ಅರ್ಧ ಪರಿಹಾರ ಆಗಲೇ ಮನೆಯಲ್ಲಿದೆ.

ನಿಕಾನ್‌ಗೂ ಎಫ್‌ಟಿಝಡ್ ಎಂಬ ಅಡಾಪ್ಟರ್ ಇದೆ. ಅದರಲ್ಲಿ ಎಎಫ್-ಎಸ್, ಎಎಫ್-ಪಿ ಎಂದು ಬರೆದಿರುವ ಲೆನ್ಸ್‌ಗಳು ಆಟೊಫೋಕಸ್ ಮಾಡುತ್ತವೆ. ಒಳಗೆ ಮೋಟರ್ ಇಲ್ಲದ ಇನ್ನೂ ಹಳೆಯ ಎಎಫ್, ಎಎಫ್-ಡಿ ಲೆನ್ಸ್‌ಗಳಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಒಂದು ಕಂಪನಿಯ ಹಳೆಯ ಲೆನ್ಸ್ ಇನ್ನೊಂದರ ಅಡಾಪ್ಟರ್‌ಗೆ ಕೂರುವುದಿಲ್ಲ.

ಫ್ಲಾಶ್ ವಿಷಯದಲ್ಲಿ ಆಟ ತಿರುಗುತ್ತದೆ. ಝಡ್30ಯ ಮೇಲಿರುವುದು ಸಾಮಾನ್ಯ ಹಾಟ್ ಶೂ. ಆರ್50ಯಲ್ಲಿ ಹೊಸ ಬಗೆಯ ಶೂ ಇರುವುದರಿಂದ ಹಳೆಯ ಕ್ಯಾನನ್ ಫ್ಲಾಶ್ ಹಾಕಲು ಎಡಿ-ಇ1 ಎಂಬ ಇನ್ನೊಂದು ಅಡಾಪ್ಟರ್ ಕೊಳ್ಳಬೇಕು. ಬೇರೆ ಕಂಪನಿಯ ಅಗ್ಗದ ಫ್ಲಾಶ್ ಆದರೆ, ಅಂಗಡಿಯಲ್ಲೇ ಹಾಕಿ ನೋಡಿ ಖಾತರಿ ಮಾಡಿಕೊಳ್ಳಿ.

ಹೇಳಿಕೆ 4: 200 ಮೆಗಾಪಿಕ್ಸೆಲ್ ಫೋನ್ ಇದ್ದರೆ ಕ್ಯಾಮೆರಾ ದಂಡ

ಇದೂ ಅರ್ಧಸತ್ಯ. 200 ಮೆಗಾಪಿಕ್ಸೆಲ್ ಫೋನ್‌ಗಳು ಸಾಮಾನ್ಯವಾಗಿ 16 ಪುಟ್ಟ ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಕಾರಣ ಸೆನ್ಸರ್‌ನ ಗಾತ್ರ. ಅನೇಕ ಸಾಧಾರಣ ಫೋನ್‌ಗಳ ಸೆನ್ಸರ್ ಸುಮಾರು 6.4 × 4.8 ಮಿ.ಮೀ. ಮಳೆಯಲ್ಲಿ ಲೋಟ ಮತ್ತು ಪರಾತ ಎರಡನ್ನೂ ಇಟ್ಟರೆ ಯಾವುದು ಹೆಚ್ಚು ನೀರು ಹಿಡಿಯುತ್ತದೆ? ಆ ಫೋನ್ ಸೆನ್ಸರ್‌ಗಿಂತ ಈ ಕ್ಯಾಮೆರಾಗಳದು ಹತ್ತು ಪಟ್ಟಿಗೂ ಹೆಚ್ಚು ವಿಸ್ತಾರ.

ಹಾಗೆಂದು ಫೋನ್ ಕೆಟ್ಟದ್ದಲ್ಲ. ಅದು ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ತಂತ್ರಾಂಶದಿಂದ ಬೆಸೆದು ಕೊಡುತ್ತದೆ. ನಿಂತ ವಸ್ತುವಿಗೆ, ಒಳ್ಳೆಯ ಬೆಳಕಿನಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಫೋನ್ ಧಾರಾಳ ಸಾಕು. ಫೋಟೊದಿಂದ ದುಡಿಯುವ ಯೋಚನೆ ಇಲ್ಲದವರು, ಅಚ್ಚು ಹಾಕಿಸದವರು ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಕಿಲ್ಲ.

ಹಾಗಾದರೆ ಯಾರಿಗೆ ಯಾವುದು?

- ಮದುವೆ, ಜಾತ್ರೆ, ಹಕ್ಕಿ, ಬಿಸಿಲಿನಲ್ಲಿ ಕೆಲಸ: ಕ್ಯಾನನ್ ಆರ್50.
- ಮನೆಯೊಳಗಿನ ವಿಡಿಯೊ, ಅಡುಗೆ, ಪಾಠ, ದೀರ್ಘ ಕಾರ್ಯಕ್ರಮಗಳ ರೆಕಾರ್ಡಿಂಗ್, ಇಕ್ಕಟ್ಟಿನ ಜಾಗ: ನಿಕಾನ್ ಝಡ್30.
- ಮನೆಯಲ್ಲಿ ಈಗಾಗಲೇ ಒಂದು ಕಂಪನಿಯ ಒಳ್ಳೆಯ ಲೆನ್ಸ್‌ಗಳಿವೆ: ಬಹುತೇಕ ಅದೇ ಕಂಪನಿಯದು.

ಮಾಗಳದ ಓದುಗರಿಗೆ ನಮ್ಮ ಉತ್ತರ ಆರ್50. ಫಾರ್ವರ್ಡ್ ಹೇಳಿದ್ದೂ ಅದನ್ನೇ ಅಲ್ಲವೇ ಎನ್ನಬಹುದು. ಆದರೆ ಅದು ಕೊಟ್ಟ ಕಾರಣ ಮೆಗಾಪಿಕ್ಸೆಲ್. ನಮ್ಮ ಕಾರಣ ಮಾವನ ಲೆನ್ಸ್ ಮತ್ತು ವ್ಯೂಫೈಂಡರ್, ಅದೇ ಸಂದೇಶ ದಂಡ ಎಂದ ವ್ಯೂಫೈಂಡರ್. ಮಾವನ ಬಳಿ ನಿಕಾನ್ ಎಎಫ್-ಎಸ್ ಲೆನ್ಸ್‌ಗಳಿದ್ದು, ಕೆಲಸ ಹೆಚ್ಚಾಗಿ ವಿಡಿಯೊ ಆಗಿದ್ದರೆ ಉತ್ತರ ಬದಲಾಗುತ್ತಿತ್ತು. ಇಡೀ ಹಣವನ್ನು ಕ್ಯಾಮೆರಾಗೇ ಸುರಿಯದೆ ಎರಡು ಅಡಾಪ್ಟರ್, ಇನ್ನೊಂದು ಬ್ಯಾಟರಿ, ಒಂದು ಮೈಕ್‌ಗೆ ಬೇಕಾಗುವಷ್ಟನ್ನು ಮೊದಲೇ ತೆಗೆದಿಡುವುದು ಒಳ್ಳೆಯದು.

ದುಡ್ಡು ಕೊಡುವ ಮುನ್ನ

- ಕ್ಯಾಮೆರಾಗಳ ಮೇಲೆ ಶೇ 18 ಜಿಎಸ್‌ಟಿ ಇದೆ. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀವಿ" ಎಂದರೆ ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ಆಧಾರವೇ ಇರುವುದಿಲ್ಲ.
- ವಾರಂಟಿ ಕಾರ್ಡ್ ಭಾರತದ ಕಂಪನಿಯದೇ ಎಂದು ನೋಡಿ. ಹೊರದೇಶದಿಂದ ಅಡ್ಡದಾರಿಯಲ್ಲಿ ತಂದ ಮಾಲು ಅಗ್ಗ, ಆದರೆ ಕೆಟ್ಟರೆ ಇಲ್ಲಿ ಹೊಣೆ ಹೊರುವವರಿಲ್ಲ.
- ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆ, ಕ್ಯಾಮೆರಾದ ಮೇಲಿನ ಸಂಖ್ಯೆ, ಬಿಲ್‌ನಲ್ಲಿರುವ ಸಂಖ್ಯೆ ಮೂರೂ ಒಂದೇ ಇರಬೇಕು.
- ಅರ್ಧ ಬೆಲೆಗೆ ಕ್ಯಾಮೆರಾ ಎಂದು ಲಿಂಕ್ ಬಂದರೆ ಒತ್ತಬೇಡಿ, ಮುಂಗಡ ಕಳಿಸಬೇಡಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ವಂಚನೆಯ ದೂರು ಕೊಡಿ.

ಇಂಥ ಸಂದೇಶ ನಿಮಗೂ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರ ಕೆಲಸಕ್ಕೆ, ಯಾವ ಬೆಳಕಿಗೆ ಎಂದು ಹೇಳಿದೆಯೇ? ಹೇಳಿರದಿದ್ದರೆ ಅದು ನಿಮ್ಮ ಗುಂಪಿನಲ್ಲಿ ಕ್ಯಾಮೆರಾ ಕೊಳ್ಳಲು ಹೊರಟ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.